ಮನೆ ಕಟ್ಟಿಸೋವಾಗ, ರಿಪೇರಿ ಮಾಡಿಸೋವಾಗ ಇನ್ಶೂರೆನ್ಸ್: ಪಾಯ ತೆಗೆಯೋ ಮುಂಚಿನಿಂದ ಕ್ಲೇಮ್ ತನಕ

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ತಾ ಇದ್ದ ಬಿಲ್ಡಿಂಗ್ ಕುಸಿದು 19 ಜನ ತೀರಿಕೊಂಡ್ರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆ ಹೊಡೀತಾ ಇರೋವಾಗ ಇನ್ನೊಂದು ಬಿತ್ತು, 9 ಜನ ಹೋದ್ರು. ಅವೆರಡೂ ದೊಡ್ಡ ಬಿಲ್ಡಿಂಗ್, ಪೇಪರಲ್ಲಿ ಬಂತು. 30-40 ಸೈಟಲ್ಲಿ ಸೆಂಟ್ರಿಂಗ್ ಜಾರಿ ಒಬ್ಬ ಹುಡುಗ ಬಿದ್ದ, ಪಾಯ ತೆಗೆಯೋವಾಗ ಪಕ್ಕದ ಮನೆ ಕಾಂಪೌಂಡ್ ಒರಗಿಬಿಡ್ತು ಅನ್ನೋದೆಲ್ಲ ಪೇಪರಿಗೆ ಬರಲ್ಲ, ಆದ್ರೆ ಮನೆ ಕಟ್ಟಿಸ್ತಾ ಇರೋ ಒಂದು ಸಂಸಾರದ ಪೂರ್ತಿ ಉಳಿತಾಯ ಅಲ್ಲೇ ಕರಗಿಹೋಗುತ್ತೆ.

ನಮ್ಮಲ್ಲಿ ಸಿಮೆಂಟ್ ಯಾವುದು, ಕಂಬಿ ಯಾವುದು, ವಾಸ್ತು ಸರಿ ಇದ್ಯಾ ಅಂತ ತಿಂಗಳಾನುಗಟ್ಟಲೆ ಚರ್ಚೆ ಮಾಡ್ತೀವಿ, ಇನ್ಶೂರೆನ್ಸ್ ಅಂತ ಬಂದ್ರೆ ಮಾತ್ರ "ಬ್ಯಾಂಕಿನವರು ಏನೋ ಮಾಡಿದಾರೆ, ಲೋನಲ್ಲಿ ಹಿಡ್ಕೊಂಡಿದಾರೆ" ಅಂತ ಬಿಟ್ಬಿಡ್ತೀವಿ. ನಾನು ಒತ್ತಿ ಹೇಳೋದು ಒಂದೇ, ಮನೆ ಕಟ್ಟೋ ಕೆಲಸ ಹಂತ ಹಂತವಾಗಿ ನಡೆಯುತ್ತೆ, ಪ್ರತಿ ಹಂತದಲ್ಲೂ ರಿಸ್ಕ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತೆ, ಪಾಲಿಸಿನೂ ಅದರ ಜೊತೆ ಬದಲಾಗಬೇಕು. ಕಟ್ಟೋವಾಗ ಇರೋ ಪಾಲಿಸಿ ವಾಸಕ್ಕೆ ಬಂದ ಮೇಲೆ ಕೆಲಸಕ್ಕೆ ಬರಲ್ಲ, ವಾಸದ ಮನೆ ಪಾಲಿಸಿ ಮೇಲೆ ಇನ್ನೊಂದು ಮಹಡಿ ಎಬ್ಬಿಸೋವಾಗ ಕೆಲಸಕ್ಕೆ ಬರಲ್ಲ. ಜನಕ್ಕೆ ಏಟು ಬೀಳೋದು ಹೆಚ್ಚಾಗಿ ಈ ಬದಲಾವಣೆಯ ಸಂದಿಯಲ್ಲೇ.

ಹಂತ 1: ಕಾಂಟ್ರಾಕ್ಟ್ ಯಾವ ಥರದ್ದು ಅಂತ ಮೊದಲು ತೀರ್ಮಾನ ಮಾಡಿ

ನಮ್ಮ ಕಡೆ ಎರಡು ಪದ್ಧತಿ. ಒಂದು ವಿತ್ ಮೆಟೀರಿಯಲ್, ಅಂದ್ರೆ ಚದರಕ್ಕೆ (100 ಚದರಡಿಗೆ) ಇಷ್ಟು ಅಂತ ಕಾಂಟ್ರಾಕ್ಟರ್ ಎಲ್ಲಾ ತಾನೇ ಹಾಕಿ ಕೀ ಕೊಡ್ತಾನೆ. ಇನ್ನೊಂದು ಲೇಬರ್ ಕಾಂಟ್ರಾಕ್ಟ್, ಸಿಮೆಂಟು ಕಂಬಿ ಎಂ-ಸ್ಯಾಂಡ್ ನಾವೇ ತರಿಸ್ತೀವಿ, ಮೇಸ್ತ್ರಿ ಆಳುಗಳನ್ನ ಕರ್ಕೊಂಡು ಬಂದು ಕೆಲಸ ಮಾಡ್ತಾನೆ. ಎರಡನೇದರಲ್ಲಿ ಸೈಟಲ್ಲಿ ಬಿದ್ದಿರೋ ಮಾಲು ನಿಮ್ಮದು, ಹಾಳಾದ್ರೆ ನಷ್ಟನೂ ನಿಮ್ಮದೇ. ಕೂಲಿಯವರ ವಿಷಯದಲ್ಲೂ ಹಾಗೇ, ಮೇಸ್ತ್ರಿ ಹೆಸರಲ್ಲಿ ಲೈಸೆನ್ಸ್ ಇಲ್ಲ, ಪಿಎಫ್ ಇಲ್ಲ, ಒಂದು ಬಿಲ್ ಬುಕ್ಕೂ ಇಲ್ಲ ಅಂದಾಗ ಏನಾದ್ರೂ ಅನಾಹುತ ಆದ್ರೆ ಕೇಸ್ ಹಾಕೋರು ಮಾಲೀಕರನ್ನೂ ಸೇರಿಸಿಯೇ ಹಾಕ್ತಾರೆ.

ಅದಕ್ಕೆ ಗುದ್ದಲಿ ಪೂಜೆಗಿಂತ ಮುಂಚೆನೇ ಅಗ್ರಿಮೆಂಟಲ್ಲಿ ಈ ನಾಲ್ಕು ವಿಷಯ ಬರೆಸಿಕೊಳ್ಳಿ, ಬಾಯಿ ಮಾತು ಬೇಡ:

- ಕಟ್ಟಡದ ಪಾಲಿಸಿ ಯಾರು ಮಾಡಿಸ್ತಾರೆ, ಪ್ರೀಮಿಯಂ ಯಾರದ್ದು
- ಕೂಲಿಯವರ ಪಾಲಿಸಿ ಯಾರ ಹೆಸರಲ್ಲಿ, ಸಬ್ ಕಾಂಟ್ರಾಕ್ಟರ್ ಆಳುಗಳೂ ಅದರಲ್ಲಿ ಬರ್ತಾರಾ
- ಪಕ್ಕದ ಮನೆಗೆ, ರಸ್ತೆಯಲ್ಲಿ ಹೋಗೋರಿಗೆ ತೊಂದರೆ ಆದ್ರೆ ಯಾರು ಕಟ್ಟಿಕೊಡಬೇಕು
- ಕ್ಲೇಮಲ್ಲಿ ನಮ್ಮ ಕೈಯಿಂದ ಹಾಕಬೇಕಾದ ಭಾಗ, ಅಂದ್ರೆ ಎಕ್ಸೆಸ್, ಯಾರ ಲೆಕ್ಕಕ್ಕೆ

"ಸಾರ್ ನಮ್ಮ ಹತ್ರ ಎಲ್ಲಾ ಇನ್ಶೂರೆನ್ಸ್ ಇದೆ" ಅಂತ ಕಾಂಟ್ರಾಕ್ಟರ್ ಹೇಳಿದ್ರೆ ಬೇಜಾರು ಮಾಡ್ಕೊಳ್ದೆ ಕಾಪಿ ಕೇಳಿ. ಕಾಪಿಯಲ್ಲಿ ಮೂರು ಜಾಗ ನೋಡಿ, ನಿಮ್ಮ ಸೈಟಿನ ಅಡ್ರೆಸ್ ಇದ್ಯಾ, ತಾರೀಖು ನಿಮ್ಮ ಕೆಲಸ ಮುಗಿಯೋ ತನಕ ಇದ್ಯಾ, ನಿಮ್ಮ ಹೆಸರು ಇನ್ಶೂರ್ಡ್ ಅಂತ ಸೇರಿದ್ಯಾ. ಬೇರೆ ಯಾವುದೋ ಸೈಟಿನ ಪಾಲಿಸಿ ನಿಮ್ಮ ಮನೆಗೆ ಆಗಿ ಬರಲ್ಲ.

ಹಂತ 2: ಮೊದಲು ಕೂಲಿಯವರದ್ದು, ಆಮೇಲೆ ಗೋಡೆದು

ಬೇರೆಯವರು ಇದನ್ನ ಕೊನೆಗೆ ಇಡ್ತಾರೆ, ನಾನು ಮೊದಲು ಇಡ್ತೀನಿ. ಗೋಡೆ ಬಿದ್ರೆ ಮತ್ತೆ ಕಟ್ಟಬಹುದು. ರಾಯಚೂರಿಂದಲೋ ಕಲಬುರಗಿಯಿಂದಲೋ ಬಂದು ಸೈಟಿನ ಶೆಡ್ಡಲ್ಲೇ ಹೆಂಡತಿ ಮಕ್ಕಳ ಜೊತೆ ಇರೋ ಗಾರೆಯವನು ಬಿದ್ರೆ ಆ ಮನೆಗೆ ಬೇರೆ ಆಸರೆ ಇರಲ್ಲ.

ಕೆಲಸದಲ್ಲಿ ಪೆಟ್ಟಾದ್ರೆ, ಸತ್ರೆ ಪರಿಹಾರ ಕೊಡೋ ಜವಾಬ್ದಾರಿ ಕೆಲಸಕ್ಕೆ ಇಟ್ಕೊಂಡವರದ್ದು ಅಂತ 1923ರ ಕಾಯ್ದೆಯಿಂದಲೂ ಇದೆ, 2025ರ ನವೆಂಬರ್ 21ರಿಂದ ಅದು ಸೋಶಿಯಲ್ ಸೆಕ್ಯುರಿಟಿ ಕೋಡ್ ಒಳಗೆ ಸೇರಿದೆ. ಲೆಕ್ಕ ಹಾಕೋ ರೀತಿ ಹೀಗೆ: ಸಾವಾದ್ರೆ ತಿಂಗಳ ಸಂಬಳದ ಅರ್ಧಕ್ಕೆ, ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸೋದು. ಪೂರ್ತಿ ಶಾಶ್ವತ ಅಂಗವೈಕಲ್ಯ ಆದ್ರೆ ಸಂಬಳದ 60 ಪರ್ಸೆಂಟ್ ಇಟ್ಕೊಂಡು ಅದೇ ಥರ ಗುಣಾಕಾರ. ಲೆಕ್ಕಕ್ಕೆ ತಗೊಳ್ಳೋ ಸಂಬಳದ ಮಿತಿಯನ್ನ 2020ರ ಜನವರಿಯಲ್ಲಿ ತಿಂಗಳಿಗೆ 15,000 ಮಾಡಿದ್ರು. 30 ವರ್ಷದವರಿಗೆ ಆ ಸಂಖ್ಯೆ 207.98. ಅಂದ್ರೆ 7,500 ಗುಣಿಸು 207.98, ಹದಿನೈದು ಲಕ್ಷದ 59 ಸಾವಿರದ 850 ರೂಪಾಯಿ. ಒಬ್ಬರಿಗೆ. ಇವತ್ತು ಗಾರೆಯವರ ದಿನಗೂಲಿ ನೋಡಿದ್ರೆ ತಿಂಗಳಿಗೆ 15,000 ದಾಟೋದು ಸಾಮಾನ್ಯ, ಹಾಗಾಗಿ ಈ ಲೆಕ್ಕ ಬರೀ ಕಾಗದದ್ದಲ್ಲ.

ಇದಕ್ಕೆ ತಗೋಬೇಕಾದ ಪಾಲಿಸಿ ಎಂಪ್ಲಾಯೀಸ್ ಕಾಂಪೆನ್ಸೇಶನ್ ಪಾಲಿಸಿ, ಏಜೆಂಟ್‌ಗಳು ಇನ್ನೂ ಹಳೇ ಹೆಸರಲ್ಲೇ ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಶನ್) ಪಾಲಿಸಿ ಅಂತಾರೆ. ಎಷ್ಟು ಜನ, ಯಾವ ಕೆಲಸ, ಎಷ್ಟು ಕೂಲಿ ಅನ್ನೋದರ ಮೇಲೆ ಪ್ರೀಮಿಯಂ. ಮಾಡಿಸೋವಾಗ ಇದನ್ನೆಲ್ಲ ಗಮನಿಸಿ. ಪ್ರೀಮಿಯಂ ಉಳಿಸೋಕೆ ಅಂತ 12 ಜನ ಇರೋ ಕಡೆ 5 ಜನ ಅಂತ ಬರೆಸೋದು, ಕೂಲಿ ಕಮ್ಮಿ ತೋರಿಸೋದು ಬೇಡವೇ ಬೇಡ, ಕ್ಲೇಮ್ ಟೈಮಲ್ಲಿ ಮೊದಲು ಕೇಳೋದೇ ಹಾಜರಿ ಪುಸ್ತಕ. ಆಸ್ಪತ್ರೆ ಖರ್ಚು ಎಷ್ಟೋ ಪಾಲಿಸಿಯಲ್ಲಿ ಆಡ್-ಆನ್ ಆಗಿ, ಅಂದ್ರೆ ಹೆಚ್ಚಿಗೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಕವರ್ ಆಗಿ ಬರುತ್ತೆ, ಕೇಳಿ ಸೇರಿಸಿ, ಯಾಕಂದ್ರೆ ಸಾವಿಗಿಂತ ಕಾಲು ಮುರಿಯೋದು, ಕಂಬಿ ಚುಚ್ಚೋದೇ ಜಾಸ್ತಿ. ಸೆಂಟ್ರಿಂಗ್, ಬಾರ್ ಬೆಂಡಿಂಗ್, ಪ್ಲಂಬಿಂಗ್, ಎಲೆಕ್ಟ್ರಿಕ್ ಇವೆಲ್ಲ ಬೇರೆ ಬೇರೆ ಗುಂಪಿನವರು ಮಾಡ್ತಾರೆ, ಸಬ್ ಕಾಂಟ್ರಾಕ್ಟರ್‌ಗಳ ಕೆಲಸದವರೂ ಸೇರಬೇಕು ಅಂದ್ರೆ ಅದನ್ನ ಬರೆಸಿ ಎಂಡೋರ್ಸ್‌ಮೆಂಟ್ (ಪಾಲಿಸಿಗೆ ಸೇರಿಸೋ ಲಿಖಿತ ತಿದ್ದುಪಡಿ) ತಗೋಬೇಕು. ಪರಿಹಾರ ತಡ ಮಾಡಿದ್ದಕ್ಕೆ ಬೀಳೋ ದಂಡ ಈ ಪಾಲಿಸಿಯಲ್ಲಿ ಬರಲ್ಲ, ಅದು ಮಾಲೀಕರ ಜೇಬಿಂದಲೇ.

ಪ್ಲಾನ್ ಸ್ಯಾಂಕ್ಷನ್ ಟೈಮಲ್ಲಿ ಲೇಬರ್ ಸೆಸ್ ಅಂತ ಕೆಲವು ಕಟ್ಟಡಗಳಿಗೆ ವೆಚ್ಚದ 1 ಪರ್ಸೆಂಟ್ ಕಟ್ಟಿಸಿಕೊಳ್ತಾರಲ್ಲ, ಅದನ್ನೇ ಇನ್ಶೂರೆನ್ಸ್ ಅಂದ್ಕೊಂಡಿರೋರು ತುಂಬಾ ಜನ. ಆ ದುಡ್ಡು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತೆ, ಅಲ್ಲಿ ನೋಂದಣಿ ಆದ ಕಾರ್ಮಿಕರಿಗೆ ಮಂಡಳಿ ಸಹಾಯ ಕೊಡುತ್ತೆ. ನಿಮ್ಮ ಮೇಲಿರೋ ಜವಾಬ್ದಾರಿ ಅದರಿಂದ ಇಳಿಯಲ್ಲ. ಆದ್ರೆ ನಿಮ್ಮ ಸೈಟಲ್ಲಿ ಕೆಲಸ ಮಾಡೋರಿಗೆ ಮಂಡಳಿ ಕಾರ್ಡ್ ಇದ್ಯಾ ಅಂತ ವಿಚಾರಿಸಿ, ಇಲ್ಲದಿದ್ರೆ ಮಾಡಿಸ್ಕೊಳ್ಳೋಕೆ ಹೇಳಿ, 18ರಿಂದ 60 ವರ್ಷದ ಒಳಗಿದ್ದು ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ರೆ ಸಾಕು. ಹಾಗೇ ಬ್ಯಾಂಕ್ ಅಕೌಂಟ್ ಇರೋ ಪ್ರತಿಯೊಬ್ಬರಿಗೂ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿಬಿಡಿ, ಅಪಘಾತದಲ್ಲಿ ಸತ್ರೆ ಮನೆಯವರಿಗೆ 2 ಲಕ್ಷ. ಹತ್ತು ಜನಕ್ಕೆ 200 ರೂಪಾಯಿ, ಒಂದು ದಿನದ ಟೀ ಬನ್ನಿನ ಖರ್ಚು ಅಷ್ಟೇ. ಇದು ಡಬ್ಲ್ಯೂಸಿ ಪಾಲಿಸಿಗೆ ಬದಲಿ ಅಲ್ಲ, ಅದರ ಮೇಲೊಂದು.

ಹಂತ 3: ಕಟ್ತಾ ಇರೋ ಮನೆಗೆ ಸಿಎಆರ್ ಪಾಲಿಸಿ

ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ, ಚಿಕ್ಕದಾಗಿ ಸಿಎಆರ್. ಹೆಸರಲ್ಲಿ ಕಾಂಟ್ರಾಕ್ಟರ್ ಅಂತ ಇದ್ರೂ ಮಾಲೀಕರೇ ಮಾಡಿಸಬಹುದು, ಮಾಲೀಕರು, ಕಾಂಟ್ರಾಕ್ಟರ್, ಸಬ್ ಕಾಂಟ್ರಾಕ್ಟರ್ ಎಲ್ಲರ ಹೆಸರೂ ಒಂದೇ ಪಾಲಿಸಿಯಲ್ಲಿ ಹಾಕಿಸೋದು ಒಳ್ಳೇದು. ಇದರಲ್ಲಿ ಎರಡು ಭಾಗ. ಮೊದಲನೇದು ಕಟ್ಟಡ ಮತ್ತು ಸೈಟಿಗೆ ಇಳಿಸಿರೋ ಮಾಲಿಗೆ ಆಗೋ ಹಾನಿ: ಬೆಂಕಿ, ಪ್ರವಾಹ, ಬಿರುಗಾಳಿ, ಕುಸಿತ, ಕಳ್ಳತನ ಇತ್ಯಾದಿ. ಎರಡನೇದು ಥರ್ಡ್ ಪಾರ್ಟಿ, ಅಂದ್ರೆ ಈ ಕೆಲಸಕ್ಕೆ ಸಂಬಂಧ ಇಲ್ಲದವರಿಗೆ ಪೆಟ್ಟಾದ್ರೆ ಅಥವಾ ಅವರ ಆಸ್ತಿ ಹಾಳಾದ್ರೆ. ನಿಮ್ಮ ಸೈಟಿನ ಕೂಲಿಯವರು ಈ ಎರಡನೇ ಭಾಗದಲ್ಲಿ ಬರಲ್ಲ, ಅದಕ್ಕೇ ಹಂತ 2 ಬೇರೆಯಾಗಿ ಬೇಕು.

ಸಣ್ಣ ಮನೆಗೆ ಈ ಪಾಲಿಸಿ ಕೊಡೋಕೆ ಕೆಲವು ಕಂಪನಿಯವರು ಆಸಕ್ತಿ ತೋರಿಸಲ್ಲ, ಆನ್‌ಲೈನಲ್ಲಿ ಬಟನ್ ಒತ್ತಿ ತಗೊಳ್ಳೋ ಥರದ್ದೂ ಅಲ್ಲ. ಸರ್ಕಾರಿ ಕಂಪನಿಗಳಾದ ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಇವುಗಳ ಬ್ರಾಂಚಿಗೆ ನೇರವಾಗಿ ಹೋಗಿ ಕೇಳಿ, ಇಲ್ಲಾ ಲೈಸೆನ್ಸ್ ಇರೋ ಬ್ರೋಕರ್ ಮೂಲಕ ಎರಡು ಮೂರು ಕೊಟೇಶನ್ ತರಿಸಿ. ಸ್ಯಾಂಕ್ಷನ್ ಆದ ಪ್ಲಾನ್, ಎಸ್ಟಿಮೇಟ್, ಕೆಲಸ ಎಷ್ಟು ತಿಂಗಳು ಅನ್ನೋ ಶೆಡ್ಯೂಲ್, ಕಾಂಟ್ರಾಕ್ಟ್ ಕಾಪಿ, ಬೇಸ್‌ಮೆಂಟ್ ಇದ್ರೆ ಮಣ್ಣಿನ ಟೆಸ್ಟ್ ರಿಪೋರ್ಟ್ ಇಷ್ಟು ಇಟ್ಕೊಂಡು ಹೋಗಿ. ಪ್ಲಾನಲ್ಲಿ ಎರಡು ಮಹಡಿ ಇದ್ದು ನೀವು ನಾಲ್ಕು ಎಬ್ಬಿಸೋ ಯೋಚನೆ ಇದ್ರೆ ಪಾಲಿಸಿ ಮೇಲೆ ಭರವಸೆ ಇಡಬೇಡಿ, ಇನ್ಶೂರೆನ್ಸ್ ನಿಂತಿರೋದೇ ನೀವು ಹೇಳಿದ ಮಾಹಿತಿ ನಿಜ ಅನ್ನೋ ನಂಬಿಕೆ ಮೇಲೆ.

ಸಮ್ ಇನ್ಶೂರ್ಡ್, ಅಂದ್ರೆ ಪಾಲಿಸಿಯ ಮೊತ್ತ, ಎಷ್ಟು ಬರೆಸಬೇಕು ಅನ್ನೋದೇ ಇಲ್ಲಿ ಪ್ರಾಣ. ಮನೆ ಪೂರ್ತಿ ಮುಗಿದಾಗ ಎಷ್ಟು ವೆಚ್ಚ ಆಗಿರುತ್ತೋ ಅಷ್ಟು ಬರೆಸಬೇಕು, ಕೂಲಿ ಸೇರಿಸಿ, ನೀವೇ ತಂದುಕೊಡೋ ಮಾಲೂ ಸೇರಿಸಿ. ಒಂದು ಲೆಕ್ಕ ನೋಡಿ. 18 ಚದರದ ಮನೆ, ಚದರಡಿಗೆ 2,000ದಂತೆ ಕಾಂಟ್ರಾಕ್ಟ್ 36 ಲಕ್ಷ. ಟೈಲ್ಸ್, ನಲ್ಲಿ, ಕಮೋಡು, ಲೈಟು ನೀವೇ ತರ್ತೀರಿ, ಅದು 6 ಲಕ್ಷ. ಒಟ್ಟು 42. ಯಾರೋ ಪ್ರೀಮಿಯಂ ಕಮ್ಮಿ ಆಗುತ್ತೆ ಅಂದ್ರು ಅಂತ 30 ಲಕ್ಷಕ್ಕೆ ಮಾಡಿಸಿದ್ರಿ ಅಂದ್ಕೊಳ್ಳಿ. ಮಳೆಗೆ ನೀರು ನುಗ್ಗಿ 4 ಲಕ್ಷ ನಷ್ಟ ಆಯ್ತು. 30 ಲಕ್ಷದ ಒಳಗೇ ಇದೆಯಲ್ಲ, ಪೂರ್ತಿ ಕೊಡ್ತಾರೆ ಅಂತ ಅನ್ಸುತ್ತೆ, ಆದ್ರೆ ಕೊಡೋದು 42ರಲ್ಲಿ 30ರ ಪಾಲು, ಅಂದ್ರೆ ಸುಮಾರು 2 ಲಕ್ಷ 85 ಸಾವಿರ, ಅದರಲ್ಲೂ ಎಕ್ಸೆಸ್ ಕಳೀತಾರೆ. ಮಧ್ಯದಲ್ಲಿ ಕಂಬಿ ರೇಟು ಏರಿದ್ರೆ ಅಥವಾ ನೀವೇ ಪ್ಲಾನ್ ಬದಲಾಯಿಸಿ ಒಂದು ರೂಮ್ ಜಾಸ್ತಿ ಮಾಡಿದ್ರೆ ಕಂಪನಿಗೆ ಮೇಲ್ ಹಾಕಿ ಮೊತ್ತ ಏರಿಸಿ. ಎಸ್ಕಲೇಶನ್ ಅಂತ ಆಡ್-ಆನ್ ಸಿಗುತ್ತೆ, ಅದನ್ನ ಶುರುವಲ್ಲೇ ಹಾಕಿಸೋದು ಸುಲಭ.

ಎಕ್ಸೆಸ್ ಬಗ್ಗೆ ಎರಡು ಮಾತು. ಮಳೆ, ಪ್ರವಾಹ, ಭೂಕಂಪ ಇಂಥ ದೈವಾಧೀನ ಹಾನಿಗೆ ಒಂದು ಎಕ್ಸೆಸ್, ಉಳಿದದ್ದಕ್ಕೆ ಇನ್ನೊಂದು, ಮೊದಲನೇದು ಸಾಮಾನ್ಯವಾಗಿ ದೊಡ್ಡದು. ಕ್ಲೇಮ್ ಮೊತ್ತದ ಇಷ್ಟು ಪರ್ಸೆಂಟ್, ಕನಿಷ್ಠ ಇಷ್ಟು ಸಾವಿರ ಅಂತ ಬರೆದಿರ್ತಾರೆ. ಕೊಟೇಶನ್ ಹೋಲಿಸೋವಾಗ ಬರೀ ಪ್ರೀಮಿಯಂ ನೋಡದೆ ಈ ಸಾಲನ್ನ ಪಕ್ಕಪಕ್ಕದಲ್ಲಿ ಇಟ್ಟು ನೋಡಿ, ಸಣ್ಣ ಮನೆಗೆ ಕನಿಷ್ಠ ಎಕ್ಸೆಸ್ಸೇ ಲಕ್ಷದ ಹತ್ರ ಇದ್ರೆ ಆ ಪಾಲಿಸಿಯಿಂದ ಏನು ಪ್ರಯೋಜನ.

ಸಿಎಆರ್‌ನಲ್ಲಿ ಬರದೇ ಇರೋದು, ಇದನ್ನ ಎರಡು ಸಲ ಓದಿ

ಕಳಪೆ ಕೆಲಸ. ಇದರಲ್ಲಿ ಜನ ಕನ್‌ಫ್ಯೂಸ್ ಆಗೋದು ಜಾಸ್ತಿ ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಸ್ಲ್ಯಾಬ್ ಹಾಕಿದ್ರು, ಕಾಂಕ್ರೀಟ್ ಸರಿಯಾಗಿ ಕೂತಿಲ್ಲ, ಕಂಬಿ ಕಾಣ್ತಾ ಇದೆ, ಒಡೆದು ಮತ್ತೆ ಹಾಕಬೇಕು ಅಂದ್ರೆ ಆ ಖರ್ಚು ಇನ್ಶೂರೆನ್ಸ್ ಕೊಡಲ್ಲ, ಅದು ಕೆಲಸ ಮಾಡಿದವರ ಹೊಣೆ. ಆದ್ರೆ ಅದೇ ಕಳಪೆ ಸ್ಲ್ಯಾಬ್ ಮುರಿದು ಬಿದ್ದು ಕೆಳಗೆ ಸರಿಯಾಗಿ ಕಟ್ಟಿದ್ದ ಮೆಟ್ಟಿಲು, ಗೋಡೆ ಪುಡಿಯಾಯ್ತು ಅನ್ನಿ, ಸಾಮಾನ್ಯವಾಗಿ ಚಾಲ್ತಿಯಲ್ಲಿರೋ ಸಿಎಆರ್ ಪಾಲಿಸಿ ಭಾಷೆಯಲ್ಲಿ ಆ ಮೆಟ್ಟಿಲು ಗೋಡೆಯ ನಷ್ಟ ಬರುತ್ತೆ, ಸ್ಲ್ಯಾಬಿಂದು ಮಾತ್ರ ಬರಲ್ಲ. ಡಿಸೈನ್ ತಪ್ಪಾಗಿದ್ರೆ, ಅಂದ್ರೆ ಇಂಜಿನಿಯರ್ ಕೊಟ್ಟ ಡ್ರಾಯಿಂಗಲ್ಲೇ ಕಂಬಿ ಲೆಕ್ಕ ತಪ್ಪಿದ್ರೆ, ಆಡ್-ಆನ್ ಇಲ್ಲದೆ ಯಾವುದೂ ಬರಲ್ಲ. ಅದಕ್ಕೇ ಸ್ಟ್ರಕ್ಚರಲ್ ಇಂಜಿನಿಯರ್ ಹತ್ರ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ (ಅವರ ವೃತ್ತಿಯಲ್ಲಿ ಆದ ತಪ್ಪಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ ಇರೋದು) ಇದ್ಯಾ ಅಂತ ಕೇಳೋದು. ಮರ್ಯಾದೆಯ ಪ್ರಶ್ನೆ ಅಂದ್ಕೋಬೇಡಿ, ಒಳ್ಳೆ ಇಂಜಿನಿಯರ್ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಕೆಲಸ ನಿಂತುಹೋಗಿದ್ರೆ. ದುಡ್ಡು ಸಾಲಲಿಲ್ಲ, ಕಾಂಟ್ರಾಕ್ಟರ್ ಜೊತೆ ಜಗಳ ಆಯ್ತು, ಆರು ತಿಂಗಳು ಕಟ್ಟಡ ಹಾಗೇ ನಿಂತಿತ್ತು, ಇದು ನಮ್ಮಲ್ಲಿ ಮಾಮೂಲು. ಕೆಲಸ ನಿಂತಿದ್ದರಿಂದ ಆಗೋ ನಷ್ಟ ಪಾಲಿಸಿಯಿಂದ ಹೊರಗೆ. ನಿಲ್ಲಿಸೋ ಮುಂಚೆ ಕಂಪನಿಗೆ ಬರೆದು ತಿಳಿಸಿ, ಏನು ಷರತ್ತು ಹಾಕ್ತಾರೆ ಅಂತ ಉತ್ತರ ತಗೊಳ್ಳಿ.

ಲೆಕ್ಕದಲ್ಲಿ ಕಮ್ಮಿ ಬಂದ ಮಾಲು. ರಾತ್ರಿ ಶೆಡ್ ಬೀಗ ಒಡೆದು ಕಂಬಿ ಹೊತ್ಕೊಂಡು ಹೋದ್ರು, ಪೊಲೀಸ್ ಕಂಪ್ಲೇಂಟ್ ಆಯ್ತು, ಎಫ್‌ಐಆರ್ ಇದೆ ಅಂದ್ರೆ ಕ್ಲೇಮ್‌ಗೆ ದಾರಿ ಇದೆ. ತಿಂಗಳ ಕೊನೆಗೆ ಎಣಿಸಿದಾಗ 20 ಮೂಟೆ ಸಿಮೆಂಟ್ ಕಮ್ಮಿ ಬಂತು ಅನ್ನೋದು ಕ್ಲೇಮ್ ಆಗಲ್ಲ.

ಇನ್ನು ಜೆಸಿಬಿ, ಮಿಕ್ಸರ್ ಇಂಥ ಮೆಷಿನ್‌ಗಳು. ಅವುಗಳಿಗೆ ಬೇರೆ ಪಾಲಿಸಿ, ರಸ್ತೆ ಮೇಲೆ ಓಡೋದಾದ್ರೆ ಮೋಟರ್ ಇನ್ಶೂರೆನ್ಸ್ ಇರಲೇಬೇಕು. ಪಾಯ ತೆಗೆಯೋ ದಿನ ಬರೋ ಜೆಸಿಬಿಯ ಇನ್ಶೂರೆನ್ಸ್ ಕಾಪಿ ಡ್ರೈವರ್ ಹತ್ರ ಕೇಳಿ ಫೋನಲ್ಲಿ ಫೋಟೋ ತಕ್ಕೊಳ್ಳಿ, ಎರಡು ನಿಮಿಷದ ಕೆಲಸ.

ಹಂತ 4: ಪಕ್ಕದ ಮನೆ

ಬೆಂಗಳೂರಲ್ಲಿ, ಮೈಸೂರಲ್ಲಿ ಹಳೇ ಬಡಾವಣೆಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುತ್ತೆ. ನೀವು ಬೇಸ್‌ಮೆಂಟ್ ಪಾರ್ಕಿಂಗ್ ಅಂತ ಹತ್ತಡಿ ತೋಡಿದ್ರೆ ಪಕ್ಕದವರ ಸೈಜ್ ಕಲ್ಲಿನ ಪಾಯದ ಕೆಳಗಿನ ಮಣ್ಣು ಸಡಿಲ ಆಗುತ್ತೆ. ಸಿಎಆರ್‌ನ ಥರ್ಡ್ ಪಾರ್ಟಿ ಭಾಗ ಇದೆಯಲ್ಲ ಅಂತ ಸುಮ್ಮನಿರಬೇಡಿ, ಕಂಪನದಿಂದ ಅಥವಾ ಆಧಾರ ಸಡಿಲ ಆಗಿದ್ದರಿಂದ ಪಕ್ಕದ ಕಟ್ಟಡಕ್ಕೆ ಆಗೋ ಹಾನಿ ಸಾಮಾನ್ಯವಾಗಿ ಅದರಲ್ಲಿ ಸೇರಿರಲ್ಲ, ಅದಕ್ಕೆ ಅಂತಲೇ ಇರೋ ವೈಬ್ರೇಶನ್ ಮತ್ತು ವೀಕನಿಂಗ್ ಆಫ್ ಸಪೋರ್ಟ್ ಅನ್ನೋ ಆಡ್-ಆನ್ ಕೇಳಿ ಹಾಕಿಸಬೇಕು. ಹಾಕಿಸಿದ್ರೂ ಸಣ್ಣಪುಟ್ಟ ಬಿರುಕಿಗೆ ಕೊಡಲ್ಲ, ಕಟ್ಟಡದ ಭದ್ರತೆಗೇ ಕುತ್ತು ಬರೋ ಹಾನಿಗೆ ಮಾತ್ರ. ಜೊತೆಗೆ ಕೆಲಸ ಶುರು ಆಗೋ ಮುಂಚೆ ಪಕ್ಕದ ಮನೆ ಹೇಗಿತ್ತು ಅನ್ನೋ ರಿಪೋರ್ಟ್ ಕೇಳ್ತಾರೆ.

ಹಾಗಾಗಿ ಪಾಯ ತೆಗೆಯೋ ವಾರದ ಮುಂಚೆ ಪಕ್ಕದ ಮನೆಯವರ ಹತ್ರ ಹೋಗಿ, "ಅಂಕಲ್, ಕೆಲಸ ಶುರು ಮಾಡ್ತಾ ಇದೀವಿ, ನಿಮ್ಮ ಗೋಡೆ ಈಗ ಹೇಗಿದೆ ಅಂತ ಫೋಟೋ ತೆಗೆದು ಇಬ್ಬರೂ ಇಟ್ಕೊಳ್ಳೋಣ" ಅಂತ ಕೇಳಿ. ಇರೋ ಬಿರುಕುಗಳ ಫೋಟೋ ತಾರೀಖು ಸಮೇತ, ಸಾಧ್ಯ ಆದ್ರೆ ಇಂಜಿನಿಯರ್ ಸಹಿ ಹಾಕಿದ ಒಂದು ಹಾಳೆ. ಇದರಿಂದ ಅವರಿಗೂ ಧೈರ್ಯ, ನಾಳೆ ಹಳೇ ಬಿರುಕನ್ನ ನಿಮ್ಮ ತಲೆಗೆ ಕಟ್ಟೋ ಜಗಳನೂ ಇರಲ್ಲ.

ಕೊಡಗು, ಮಲೆನಾಡು ಕಡೆಯವರಿಗೆ ಇದರ ಇನ್ನೊಂದು ರೂಪ ಬರೆ, ಅಂದ್ರೆ ಗುಡ್ಡದ ಇಳಿಜಾರು. ಸೈಟ್ ಸಮ ಮಾಡೋಕೆ ಅಂತ ಬರೆ ಕಡೀತಾರೆ, ತಡೆಗೋಡೆ ಆಮೇಲೆ ಅಂತಾರೆ, ಅಷ್ಟರಲ್ಲಿ ಮಳೆಗಾಲ. 2018ರ ಆಗಸ್ಟಲ್ಲಿ ಕೊಡಗಲ್ಲಿ ಆದದ್ದನ್ನ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪಾಲಿಸಿ ವಿಷಯಕ್ಕೆ ಬಂದ್ರೆ, ಮುಂದೆ ಹೇಳೋ ವಾಸದ ಮನೆ ಪಾಲಿಸಿಯಲ್ಲಿ ಭೂಕುಸಿತ ಸೇರಿದೆ, ಆದ್ರೆ ಅಗೆತದಿಂದ, ಕಟ್ಟೋ ಕೆಲಸದಿಂದ ಆದ ಕುಸಿತ ಸೇರಿಲ್ಲ. ಮಳೆಗೆ ಜಾರಿತಾ, ಕಡಿದಿದ್ದಕ್ಕೆ ಜಾರಿತಾ ಅನ್ನೋ ವಾದ ಕ್ಲೇಮ್ ಟೈಮಲ್ಲಿ ಬಂದೇ ಬರುತ್ತೆ. ತಡೆಗೋಡೆ ಮೊದಲು, ಮನೆ ಆಮೇಲೆ, ಬರೆ ಕಡಿಯೋ ಕೆಲಸ ಮಳೆಗಾಲಕ್ಕೆ ತಾಗದ ಹಾಗೆ ಮುಗಿಸಿ.

ಹಂತ 5: ಬ್ಯಾಂಕ್ ಮಾಡಿಸಿರೋದು ಯಾವುದು ಅಂತ ತೆಗೆದು ನೋಡಿ

ಹೋಮ್ ಲೋನ್ ಜೊತೆ ಬಂದಿರೋ ಪಾಲಿಸಿ ಹೆಚ್ಚಾಗಿ ಲೋನ್ ಪ್ರೊಟೆಕ್ಷನ್, ಅಂದ್ರೆ ಸಾಲ ತಗೊಂಡವರು ತೀರಿಕೊಂಡ್ರೆ ಬಾಕಿ ಸಾಲ ತೀರುತ್ತೆ. ಅದು ಜೀವ ವಿಮೆ, ಮನೆಯ ಒಂದು ಇಟ್ಟಿಗೆಗೂ ಅದರಿಂದ ರಕ್ಷಣೆ ಇಲ್ಲ. ಇನ್ನೊಂದು ಇದ್ರೆ ಬೆಂಕಿ ಮತ್ತಿತರ ಅಪಾಯದ ಪಾಲಿಸಿ, ಅದರಲ್ಲಿ ಮೊತ್ತ ಸಾಲದಷ್ಟೇ ಇದ್ಯಾ ಪೂರ್ತಿ ಕಟ್ಟಡದಷ್ಟಿದ್ಯಾ ನೋಡಿ, ಕಟ್ಟಡ ಮುಗಿದ ಮೇಲೆ ಅನ್ವಯ ಆಗೋದಾ ಈಗಲೇನಾ ನೋಡಿ. ಬ್ಯಾಂಕಿನವರು ಹೇಳಿದ ಕಂಪನಿಯಲ್ಲೇ ತಗೋಬೇಕು ಅಂತ ಕಾನೂನಿಲ್ಲ, ನೀವು ಹೊರಗೆ ಮಾಡಿಸಿ ಬ್ಯಾಂಕ್ ಹೆಸರು ಸೇರಿಸಿ ಕೊಟ್ರೆ ಆಯ್ತು.

ಹಂತ 6: ಗೃಹಪ್ರವೇಶದ ದಿನ ಸಿಎಆರ್ ಮುಗೀತು, ಮುಂದೇನು

ಕೆಲಸ ಮುಗಿದು ಮನೆ ವಶಕ್ಕೆ ತಗೊಂಡ ಕೂಡಲೇ, ಅಥವಾ ಮನೆಯ ಒಂದು ಭಾಗ ಬಳಸೋಕೆ ಶುರು ಮಾಡಿದ ಕೂಡಲೇ ಆ ಭಾಗಕ್ಕೆ ಸಿಎಆರ್ ನಿಲ್ಲುತ್ತೆ, ಪಾಲಿಸಿಯಲ್ಲಿ ತಾರೀಖು ಇನ್ನೂ ಬಾಕಿ ಇದ್ರೂ ಕೂಡ. ಕೆಳಗಿನ ಮನೆಗೆ ಹಾಲುಕ್ಕಿಸಿ ಸೇರ್ಕೊಂಡು ಮೇಲಿನ ಮಹಡಿ ಕೆಲಸ ಮುಂದುವರಿಸೋದು ಎಲ್ಲಾ ಕಡೆ ನಡೆಯುತ್ತೆ, ಆಷಾಢ ಬರುತ್ತೆ ಅಂತ ಅವಸರ ಬೇರೆ. ಹಾಗೆ ಮಾಡೋದಾದ್ರೆ ಕಂಪನಿಗೆ ಮುಂಚೆನೇ ಹೇಳಿ, ಕೆಳಗಿನ ಭಾಗಕ್ಕೆ ವಾಸದ ಮನೆ ಪಾಲಿಸಿ ಅದೇ ದಿನದಿಂದ ಶುರು ಮಾಡಿ. ಕೆಲಸ ತಡ ಆದ್ರೆ ಸಿಎಆರ್ ಅವಧಿ ಮುಗಿಯೋ ಮುಂಚೆ ವಿಸ್ತರಣೆ ಕೇಳಿ, ಮುಗಿದ ಮೇಲೆ ಕೇಳಿದ್ರೆ ಮಧ್ಯದ ದಿನಗಳು ಖಾಲಿ.

ವಾಸದ ಮನೆಗೆ 2021ರ ಏಪ್ರಿಲ್ 1ರಿಂದ ಎಲ್ಲಾ ಕಂಪನಿಯವರೂ ಕೊಡಬೇಕಾದ ಒಂದು ಸ್ಟ್ಯಾಂಡರ್ಡ್ ಪಾಲಿಸಿ ಇದೆ, ಭಾರತ್ ಗೃಹ ರಕ್ಷಾ. ನನ್ನ ಪ್ರಕಾರ ಮಧ್ಯಮ ವರ್ಗಕ್ಕೆ ವಿಮಾ ಕಂಪನಿಗಳನ್ನ ನಿಯಂತ್ರಿಸೋ ಸಂಸ್ಥೆಯಾದ ಐಆರ್‌ಡಿಎಐ ಮಾಡಿದ ಒಳ್ಳೆ ಕೆಲಸಗಳಲ್ಲಿ ಇದೊಂದು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ಟ್ಯಾಂಕ್ ಮತ್ತು ಪೈಪ್ ಒಡೆಯೋದು ಎಲ್ಲಾ ಒಂದೇ ಪಾಲಿಸಿಯಲ್ಲಿ. 10 ವರ್ಷದ ತನಕ ಒಟ್ಟಿಗೆ ತಗೋಬಹುದು, ಒಂದು ವರ್ಷಕ್ಕಿಂತ ಜಾಸ್ತಿ ತಗೊಂಡ್ರೆ ಮೊತ್ತ ವರ್ಷಕ್ಕೆ 10 ಪರ್ಸೆಂಟ್ ತಾನಾಗೇ ಏರುತ್ತೆ. ಸಿಎಆರ್‌ನಲ್ಲಿ ಹೇಳಿದ ಆ 42ರಲ್ಲಿ 30ರ ಕಡಿತ ಇದರಲ್ಲಿ ಇಲ್ಲ. ಮನೆ ವಾಸಕ್ಕೆ ಆಗದಷ್ಟು ಹಾಳಾದ್ರೆ ಬೇರೆ ಕಡೆ ಬಾಡಿಗೆಗೆ ಇರೋ ಖರ್ಚೂ ಸಿಗುತ್ತೆ.

ಲೆಕ್ಕ ಸುಲಭ: ಕಾರ್ಪೆಟ್ ಏರಿಯಾ ಗುಣಿಸು ಈಗ ಕಟ್ಟೋಕೆ ಆಗೋ ರೇಟು. 1,200 ಚದರಡಿ, 2,200 ರೇಟು ಅಂದ್ರೆ 26 ಲಕ್ಷ 40 ಸಾವಿರ. ಜಾಗದ ಬೆಲೆ ಸೇರಿಸಬೇಡಿ, ಭೂಮಿ ಸುಟ್ಟುಹೋಗಲ್ಲ. ಮನೆ ಸಾಮಾನಿಗೆ ಇದರ 20 ಪರ್ಸೆಂಟ್, ಅಂದ್ರೆ 5 ಲಕ್ಷ 28 ಸಾವಿರ, ಪಟ್ಟಿ ಕೊಡದೇನೇ ತಾನಾಗಿ ಸೇರುತ್ತೆ, ಹೀಗೆ ಸೇರೋದಕ್ಕೆ ಮಿತಿ 10 ಲಕ್ಷ. ಕಾಂಪೌಂಡ್, ಗ್ಯಾರೇಜ್, ಸೋಲಾರ್ ಇವನ್ನ ಬಾಯಿಬಿಟ್ಟು ಹೇಳಿ ಬರೆಸಿ. ಕಳ್ಳತನ ಮಾತ್ರ ಇದರಲ್ಲಿ ಹೆಚ್ಚುಕಮ್ಮಿ ಇಲ್ಲ, ಬೆಂಕಿಯೋ ಪ್ರವಾಹವೋ ಆದ 7 ದಿನದ ಒಳಗೆ ಕದ್ರೆ ಅಷ್ಟೇ, ಉಳಿದದ್ದಕ್ಕೆ ಬರ್ಗ್ಲರಿ ಕವರ್ ಬೇರೆ ಹಾಕಿಸಬೇಕು. ಹೊಸ ಮನೆ ಕೂರೋವಾಗ ಗೋಡೆಯಲ್ಲಿ ಬರೋ ಕೂದಲೆಳೆ ಬಿರುಕಿಗೆ ಕ್ಲೇಮ್ ಇಲ್ಲ, ತುಂಬಿದ ಮಣ್ಣು ಕುಸಿದು ನೆಲ ಇಳಿದ್ರೂ ಇಲ್ಲ. ಹಳೇ ಕೆರೆ ಅಂಗಳ, ತುಂಬಿಸಿದ ಹಳ್ಳದ ಮೇಲೆ ಲೇಔಟ್ ಮಾಡಿರೋ ಕಡೆ ಸೈಟ್ ತಗೊಂಡವರು ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮಣ್ಣಿನ ಟೆಸ್ಟಿಗೆ ಕೊಡೋ ದುಡ್ಡು ಆಗ ದುಬಾರಿ ಅನ್ಸಲ್ಲ.

ಹಂತ 7: ರಿಮಾಡೆಲಿಂಗ್, ಮೇಲೊಂದು ಮಹಡಿ, ಬಾತ್‌ರೂಮ್ ಒಡೆಯೋದು

ಭಾರತ್ ಗೃಹ ರಕ್ಷಾದಲ್ಲಿ ಒಂದು ಷರತ್ತಿದೆ: ಪಾಲಿಸಿ ಶುರುವಾದಾಗ ಇದ್ದ ಕಾರ್ಪೆಟ್ ಏರಿಯಾ ಮೇಲೆ 10 ಪರ್ಸೆಂಟ್‌ಗಿಂತ ಜಾಸ್ತಿ ಸೇರಿಸಿದ್ರೆ, ಹೆಚ್ಚಿಗೆ ಪ್ರೀಮಿಯಂ ಕಟ್ಟಿ ಎಂಡೋರ್ಸ್ ಮಾಡಿಸದ ಹೊರತು ಆ ಹೊಸ ಭಾಗಕ್ಕೆ ಕವರ್ ಇಲ್ಲ. 1,200 ಚದರಡಿ ಮನೆಗೆ ಮಿತಿ 120. ಒಂದು 12-12ರ ರೂಮ್ ಎಬ್ಬಿಸಿದ್ರೆ 144, ದಾಟಿಹೋಯ್ತು. ಮಗನ ಮದುವೆ ಅಂತ ತಾರಸಿ ಮೇಲೆ ರೂಮ್ ಹಾಕಿಸೋರು ಇದನ್ನ ಗಮನಿಸೋದೇ ಇಲ್ಲ.

ಇನ್ನು ಕೆಲಸ ನಡೀತಾ ಇರೋವಾಗ ಆಗೋ ಹಾನಿ. ಕಟ್ಟಡದ ರಚನೆ ಬದಲಾಯಿಸೋದರಿಂದ, ಒಡೆಯೋದರಿಂದ ಆಗೋ ಕುಸಿತ ವಾಸದ ಪಾಲಿಸಿಯಲ್ಲಿ ಬರಲ್ಲ. ಮೇಲೆ ಮಹಡಿ ಕಟ್ಟೋಕೆ ಹೊಸ ಸಿಎಆರ್ ತಗೊಂಡ್ರೂ ಅದು ಹೊಸ ಕೆಲಸಕ್ಕೆ ಮಾತ್ರ, ಕೆಳಗಿರೋ ಹಳೇ ಮನೆ ಅದರಲ್ಲಿ ಸೇರಿರಲ್ಲ. ಹೀಗೆ ಎರಡು ಪಾಲಿಸಿ ಇದ್ದೂ ಹಳೇ ಮನೆ ಎರಡರಿಂದಲೂ ಹೊರಗೆ ಉಳಿಯೋ ಪರಿಸ್ಥಿತಿ ಬರುತ್ತೆ. ಪರಿಹಾರ, ಮಾಲೀಕರ ಈಗಿರೋ ಆಸ್ತಿಯನ್ನ ಸಿಎಆರ್‌ಗೆ ಸೇರಿಸೋ ಆಡ್-ಆನ್, ಸರೌಂಡಿಂಗ್ ಪ್ರಾಪರ್ಟಿ ಅಂತ ಕೇಳಿ. ಅದಕ್ಕೂ ಮುಂಚೆ ಹಳೇ ಪಾಯ, ಪಿಲ್ಲರ್ ಭಾರ ತಡೆಯುತ್ತಾ ಅಂತ ಇಂಜಿನಿಯರ್ ಹತ್ರ ಬರಹದಲ್ಲಿ ತಗೊಳ್ಳಿ. ಲೋಡ್ ಬೇರಿಂಗ್ ಗೋಡೆಯ, ಅಂದ್ರೆ ಗೋಡೆಯೇ ಮೇಲಿನ ಭಾರ ಹೊರೋ, ಹಳೇ ಮನೆಯಲ್ಲಿ ಹಾಲ್ ದೊಡ್ಡದು ಮಾಡೋಕೆ ಅಂತ ಗೋಡೆ ಒಡೆಸೋದು ತೀರಾ ಅಪಾಯ, ಇನ್ಶೂರೆನ್ಸ್ ಮಾತು ಆಮೇಲೆ, ಮೊದಲು ಜೀವ.

ಫ್ಲ್ಯಾಟ್‌ನವರಿಗೆ: ಅಸೋಸಿಯೇಷನ್ ಪಾಲಿಸಿ ಇದ್ರೆ ಅದರ ಕಾಪಿ ಕೇಳಿ, ಬಿಲ್ಡರ್ ಕೊಟ್ಟಿದ್ದ ಸ್ಥಿತಿಗೆ ಮಾತ್ರನಾ, ನೀವು ಹಾಕಿಸಿದ ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಸೇರಿದ್ಯಾ ನೋಡಿ, ಇಲ್ಲದಿದ್ರೆ ನಿಮ್ಮ ಸ್ವಂತ ಪಾಲಿಸಿಯಲ್ಲಿ ಇಂಟೀರಿಯರ್ ಖರ್ಚು ಹೇಳಿ ಮೊತ್ತ ಏರಿಸಿ. ಬಾತ್‌ರೂಮ್ ಒಡೆದು ಹೊಸದು ಮಾಡಿಸೋವಾಗ ಕೆಳಗಿನ ಮನೆಯವರ ಸೀಲಿಂಗಿಗೆ ನೀರು ಇಳಿದ್ರೆ ಆ ನಷ್ಟ ನಿಮ್ಮ ಮನೆ ಪಾಲಿಸಿಯ ಮೂಲ ಕವರಲ್ಲಿ ಬರಲ್ಲ, ಲಯಬಿಲಿಟಿ ಕವರ್ (ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ) ಬೇರೆ ಬೇಕು. ಕೆಲಸ ಮುಗಿಯೋ ತನಕ ಮನೆ ಖಾಲಿ ಮಾಡಿ ಬೇರೆ ಕಡೆ ಇರ್ತೀರಾ ಅಂದ್ರೆ ಅದನ್ನೂ ಕಂಪನಿಗೆ ಮೇಲ್ ಮಾಡಿ, ಕಳ್ಳತನದ ಕವರ್‌ಗಳಲ್ಲಿ ಮನೆ ಇಷ್ಟು ದಿನಕ್ಕಿಂತ ಹೆಚ್ಚು ಖಾಲಿ ಇರಬಾರದು ಅನ್ನೋ ಷರತ್ತು ಸಾಮಾನ್ಯ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರೋ ಪ್ರಾಜೆಕ್ಟಲ್ಲಿ ಹೊಸ ಫ್ಲ್ಯಾಟ್ ತಗೊಂಡಿದ್ದು ಗೋಡೆ, ಸ್ಲ್ಯಾಬಲ್ಲಿ ದೋಷ ಕಂಡ್ರೆ ಒಡೆಯೋ ಮುಂಚೆ ಬಿಲ್ಡರ್‌ಗೆ ಬರೆಯಿರಿ. ಕೈಗೆ ಕೊಟ್ಟ ದಿನದಿಂದ 5 ವರ್ಷದ ತನಕ ರಚನೆಯ ದೋಷ ಅವರೇ ಪುಕ್ಕಟೆ ಸರಿ ಮಾಡಿಕೊಡಬೇಕು. ನೀವೇ ಗೋಡೆ ಒಡೆಸಿ ಬದಲಾಯಿಸಿಬಿಟ್ರೆ ಆ ವಾದ ಸಡಿಲ ಆಗುತ್ತೆ.

ಹಂತ 8: ಏನಾದ್ರೂ ಆಯ್ತು ಅಂದ್ರೆ

ಮೊದಲು ಜನ, ಆಮೇಲೆ ಫೋಟೋ, ಆಮೇಲೆ ಫೋನ್. ಅದೇ ದಿನ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ತಗೊಳ್ಳಿ, ಏಜೆಂಟ್‌ಗೆ ಹೇಳಿದ್ದು ಕಂಪನಿಗೆ ಹೇಳಿದ ಹಾಗೆ ಅಂತ ನಂಬಬೇಡಿ, ಮೇಲ್ ಕೂಡ ಹಾಕಿ. ನಷ್ಟದ ಲೆಕ್ಕ ಹಾಕೋಕೆ ಕಂಪನಿ ಕಳಿಸೋ ಸರ್ವೇಯರ್ ಬಂದು ನೋಡೋ ತನಕ ಅವಶೇಷ ತೆಗೆಯಬೇಡಿ, ಅಪಾಯ ಇದ್ದು ತೆಗೆಯಲೇಬೇಕು ಅಂದ್ರೆ ವಿಡಿಯೋ ಮಾಡಿಕೊಂಡು ತೆಗೀರಿ. ಉಳಿದದ್ದು ಹಾಳಾಗದ ಹಾಗೆ ಟಾರ್ಪಾಲ್ ಹೊದಿಸೋದು, ನೀರು ಪಂಪ್ ಮಾಡೋದು ನಿಮ್ಮ ಕರ್ತವ್ಯ, ಸುಮ್ಮನೆ ಬಿಟ್ಟು ಹೆಚ್ಚು ಹಾಳಾದ್ರೆ ಅದನ್ನ ಕಳೀತಾರೆ. ಕಳ್ಳತನ ಅಂದ್ರೆ ಎಫ್‌ಐಆರ್, ಬೆಂಕಿ ಅಂದ್ರೆ ಫೈರ್ ಸ್ಟೇಷನ್ ರಿಪೋರ್ಟ್, ಮಳೆ ಅಂದ್ರೆ ಆ ದಿನದ ಮಳೆ ಪ್ರಮಾಣದ ಹವಾಮಾನ ಇಲಾಖೆ ಮಾಹಿತಿ. ಜೊತೆಗೆ ಮಾಲಿನ ಜಿಎಸ್‌ಟಿ ಬಿಲ್, ಮೇಸ್ತ್ರಿಗೆ ಕೊಟ್ಟ ದುಡ್ಡಿನ ದಾಖಲೆ, ಇಂಜಿನಿಯರ್ ಎಸ್ಟಿಮೇಟ್. ಕಚ್ಚಾ ಚೀಟಿಯಲ್ಲಿ ವ್ಯವಹಾರ ಮಾಡಿದವರಿಗೆ ಇಲ್ಲಿ ನಿಜವಾಗಲೂ ಕಷ್ಟ ಆಗುತ್ತೆ, ಹಾಗಾಗಿ ಮೊದಲ ದಿನದಿಂದಲೇ ವಾರಕ್ಕೊಂದು ಸಲ ಇಡೀ ಸೈಟಿನ ಫೋಟೋ, ಬಿಲ್ಲುಗಳ ಫೋಟೋ ತೆಗೆದು ಮನೆಯವರ ಗುಂಪಿಗೆ ಹಾಕಿಡಿ.

ಸರ್ವೇಯರ್ ಬರೆದ ಮೊತ್ತ ಕಮ್ಮಿ ಅನ್ಸಿದ್ರೆ ರಿಪೋರ್ಟಿನ ಕಾಪಿ ಕೇಳಿ, ಯಾವ ಸಾಲಲ್ಲಿ ಯಾಕೆ ಕಳೆದಿದಾರೆ ಅಂತ ನೋಡಿ, ಪಾಯಿಂಟ್ ಪಾಯಿಂಟ್ ಆಗಿ ಉತ್ತರ ಬರೀರಿ. ಪೂರ್ತಿ ಮತ್ತು ಅಂತಿಮ ಅಂತ ಬರೆದಿರೋ ವೋಚರ್‌ಗೆ ಅವಸರದಲ್ಲಿ ಸಹಿ ಹಾಕಬೇಡಿ, ಹಾಕಿದ ಮೇಲೆ ಉಳಿದದ್ದು ಕೇಳೋದು ಕಷ್ಟ. ಕಂಪನಿಯ ಗ್ರೀವೆನ್ಸ್ ಆಫೀಸರ್‌ಗೆ ಲಿಖಿತ ದೂರು ಮೊದಲು. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ 155255 ನಂಬರಲ್ಲೂ ದೂರು ಹಾಕಬಹುದು. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸರಿ ಅನ್ಸದಿದ್ರೆ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ವಿಮೆ ದೂರುಗಳನ್ನ ಕೋರ್ಟಿನ ಹೊರಗೆ ಬಗೆಹರಿಸೋ ಅಧಿಕಾರಿ) ಹತ್ರ ಹೋಗಿ, ಕರ್ನಾಟಕಕ್ಕೆ ಆಫೀಸ್ ಬೆಂಗಳೂರಿನ ಜೆಪಿ ನಗರದಲ್ಲಿದೆ. ಫೀಸ್ ಇಲ್ಲ, ಲಾಯರ್ ಬೇಕಾಗಿಲ್ಲ, 50 ಲಕ್ಷದ ತನಕದ ವಿವಾದ ಕೇಳ್ತಾರೆ. ಆದ್ರೆ ಕಂಪನಿ ಕೊನೆಯ ಉತ್ತರ ಕೊಟ್ಟ ಒಂದು ವರ್ಷದ ಒಳಗೆ ಹೋಗಬೇಕು, ಗ್ರಾಹಕ ಆಯೋಗದಲ್ಲೋ ಕೋರ್ಟಲ್ಲೋ ಅದೇ ಕೇಸ್ ಹಾಕಿಬಿಟ್ಟಿದ್ರೆ ಒಂಬುಡ್ಸ್‌ಮನ್ ತಗೊಳ್ಳಲ್ಲ, ಹಾಗಾಗಿ ಯಾವ ದಾರಿ ಅಂತ ಮೊದಲೇ ತೀರ್ಮಾನ ಮಾಡಿ.